ಗೋಡೆಗೆ ಬಿಟ್ಟ ಕಣ್ಣು

ಎರಡನೆಯ ಮಹಾಯುದ್ಧದ ಕಾಲಕ್ಕೆ ದುಂಡಸಿಯ ಆಚೆ ಒಂದು ಗುಡ್ಡದಲ್ಲಿ ಮ್ಯಾಂಗನೀಸ್ ಅಗೆಯಲು ಶುರುಮಾಡಿದ್ದರು. ಗಣಿಯ ಬಾಯಿಯ ಎರಡೂ ಮಗ್ಗಲಿಗೆ ಗುಡ್ಡವನ್ನು ನೆಟ್ಟಗೆ ಕಡಿದಿದ್ದರು. ಆ ಮಣ್ಣು ಜಾರದಂತೆ ಕಲ್ಲಿನ ಗೋಡೆ ಕಟ್ಟುವ ಕೆಲಸ ನನಗೆ ಬಂತು. ಕೊಡಿಸಿದವನು ನನ್ನ ಗೆಳೆಯ. ಹಿರೇಬೆಂಡಿಗೇರಿಯ ಸಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತವರು ನಾವು. ನಾನು ಎರಡನೆಯ ಇಯತ್ತೆಗೆ ಸಾಲೆ ಬಿಟ್ಟು ಬಾವಿ ಕಟ್ಟಲು ಹೋದೆ. ಅವನು ಮುಲ್ಕಿ ಪರೀಕ್ಷೆ ಪಾಸಾಗಿ ಆ ಗಣಿಯಲ್ಲಿ ಆಳುಗಳ ಮೇಲೆ ಮುಕಾದಮನಾಗಿದ್ದ.

ಗೋಡೆ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತಿನಲ್ಲಿ ಇರಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಗುಡ್ಡದ ನೆತ್ತಿಗೆ ಕಾಲುವೆ ತೋಡಿ ಮಳೆನೀರನ್ನು ಆಚೆ ತಿರುಗಿಸಿದೆ. ಗೋಡೆಯ ಬೆನ್ನಿಗೆ ಜಲ್ಲಿ ತುಂಬಿದೆ. ಗಚ್ಚಿನಲ್ಲಿ ಕಲ್ಲು ಕೂಡಿಸುವಾಗ ಮೊಳಕ್ಕೊಂದರಂತೆ ಮುಷ್ಟಿ ಹಿಡಿಯುವಷ್ಟು ತೂತು ಬಿಟ್ಟೆ. ಮಣ್ಣು ಕುಡಿದ ನೀರು ಅಲ್ಲಿಂದ ಹೊರಬೀಳಬೇಕು, ಇಲ್ಲದಿದ್ದರೆ ಅದೇ ನೀರು ಗೋಡೆಯನ್ನು ದೂಡುತ್ತದೆ. ಅದಕ್ಕೆ ನಾವು ಕಣ್ಣು ಬಿಡುವುದು ಎನ್ನುತ್ತೇವೆ.

ಕೆಲಸ ಮುಗಿಸಿ ಹಾನಗಲ್ಲಿಗೆ, ಅಕ್ಕನ ಮನೆಗೆ ಹೋಗಿ ನಾಲ್ಕು ದಿನಕ್ಕೆ ತಿರುಗಿ ಬಂದೆ. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಗಣಿಯ ಧಣಿ ನೋಡಲು ಬರುವವನಿದ್ದನೆಂದು ಗೆಳೆಯ ಗೋಡೆಗೆ ಮಣ್ಣು ಮೆತ್ತಿಸಿ ಸುಣ್ಣ ಹೊಡೆಸಿದ್ದ.

"ಕಣ್ಣೆಲ್ಲಾ ಮುಚ್ಚೀಯಲ್ಲೋ!" ಎಂದೆ.

"ಸಿಡುಬಿನ ಕಲೆ ಬಿದ್ದ ಮಾರಿ ಆಗಿತ್ತು ನಿನ್ನ ಗ್ವಾಡಿ. ಧಣಿ ಬಂದು ಹೋಗ್ಲಿ, ಆಮ್ಯಾಲ ತಗಸ್ತೇನಿ, ಸುಮ್ನಿರು."

ಮರುದಿನ ಧಣಿಗಿಂತ ಮೊದಲು ಮಳೆ ಬಂತು. ಮಧ್ಯಾಹ್ನ ಆಳುಗಳು ಹೊರಗೆ ಛಪ್ಪರದಲ್ಲಿ ರೊಟ್ಟಿ ತಿನ್ನುತ್ತಿದ್ದಾಗ ಎಡಗಡೆಯ ಗೋಡೆ ಹೊಟ್ಟೆ ಉಬ್ಬಿಸಿ ಕುಸಿದು ಗಣಿಯ ಬಾಯಿ ಮುಚ್ಚಿತು. ಒಳಗೆ ಯಾರೂ ಇರಲಿಲ್ಲ.

ಆಮೇಲೆ ಬಂದ ಧಣಿಗೆ ಮರಾಠಿ ಬಿಟ್ಟರೆ ಬೇರೆ ಬಾರದು. ಗೋಡೆ ಬಿದ್ದ ಬಗ್ಗೆ ನನ್ನ ಜಬಾನಿಯನ್ನು, ಅಂದರೆ ಹೇಳಿಕೆಯನ್ನು, ಗೆಳೆಯನೇ ಬರೆದುಕೊಂಡ. ಅವನ ಕೂಡುಬರಹ ನನಗೆ ಓದಲು ಬಾರದು. ಹಾಗೆಂದು ಹೇಳಲು ಮನಸ್ಸಾಗಲಿಲ್ಲ. ಅವನೇ ಓದಿದ: "ಗೋಡೆ ಕಟ್ಟುವಾಗ ನೀರಿನ ಕಣ್ಣು ಬಿಟ್ಟಿದ್ದೇನೆ." ಸರಿಯಾಗಿಯೇ ಇತ್ತು. ಕಣ್ಣು ಮುಚ್ಚಿಸಿದ್ದನ್ನು ಧಣಿಗೆ ಅವನೇ ಹೇಳುತ್ತಾನೆಂದುಕೊಂಡೆ. ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದೆ. ಕಾಗದ ಹಿಡಿದು ಅವನು ಧಣಿಯ ಡೇರೆಯೊಳಗೆ ಹೋದ.

ತುಸು ಹೊತ್ತಿಗೆ, ಧಣಿಗೆ ಕನ್ನಡ ಕಾಗದಗಳನ್ನು ಮರಾಠಿಯಲ್ಲಿ ಓದಿ ಹೇಳುವ ಕಾರಕೂನ ಅವನೊಂದಿಗೆ ಹೊರಗೆ ಬಂದ. "ನಿನ್ನ ಕೆಲಸ ಆತು, ನಡಿ. ಕಣ್ಣು ಹಾಕೋದು ಮರತೇನಂತ ನೀನಽ ಬರಕೊಟ್ಟೀಯಲ್ಲ."

"ಮರತಿಲ್ಲರಿ! ಬಿಟ್ಟೇನಿ ಅಂದ್ರ ಇಟ್ಟೇನಿ ಅಂತರಿ!"

"ಊಟ ಬಿಟ್ಟೇನಿ ಅಂದ್ರ ಉಂಡಂಗನು?" ಕಾರಕೂನ ನಕ್ಕ. ಛಪ್ಪರದಲ್ಲಿದ್ದವರೂ ನಕ್ಕರು.

ನಾನು ಗೆಳೆಯನ ಕಡೆ ತಿರುಗಿದೆ. "ನೀ ಹೇಳೋ. ನಿನಗ ಗೊತ್ತೈತಲ್ಲ."

ಅವನು ಕೊಡೆಯನ್ನು ಬಿಚ್ಚಿದ, ಮಡಚಿದ. "ಅಂವಾ ಹೇಳಿದ್ದನ್ನಽ ಬರದೇನ್ರಿ," ಎಂದು ಕಾರಕೂನನಿಗೆ ಹೇಳಿದ. ನನ್ನ ಕಡೆ ನೋಡಲಿಲ್ಲ.

ಧಣಿಯ ಮೋಟಾರು ಹೊರಟುಹೋಯಿತು. ನಾನು ಹಾರೆ ತೆಗೆದುಕೊಂಡು ಬಲಗಡೆ ನಿಂತಿದ್ದ ಗೋಡೆಯ ಹತ್ತಿರ ಹೋದೆ. ಕಣ್ಣು ಎಲ್ಲೆಲ್ಲಿವೆಯೆಂದು ನನ್ನ ಕೈಗೆ ಗೊತ್ತಿತ್ತು. ಮೊದಲನೆಯದರ ಮಣ್ಣು ಚುಚ್ಚಿದೊಡನೆ ಕೆಂಪು ನೀರು ಚಿಮ್ಮಿತು. ಎರಡನೆಯದು, ಮೂರನೆಯದು. ಸುಣ್ಣದ ಮೇಲೆ ನೀರು ಗೆರೆಗೆರೆಯಾಗಿ ಇಳಿಯಿತು. ಛಪ್ಪರದಲ್ಲಿ ನಗೆ ನಿಂತಿತು.

"ಅದಾವ ನೋಡಪ್ಪಾ ಕಣ್ಣು," ಎಂದ ಕಾರಕೂನ. "ಆದ್ರ ಕಾಗದ ಹೋತಲ್ಲ."

ಗೆಳೆಯ ಬಂದು ಮೆಲ್ಲಗೆ, "ಸಾಕು ಬಿಡೋ. ಕೆಲಸದಿಂದ ತಗದಾರಲ್ಲ, ಇನ್ಯಾಕ ನಿನಗ?" ಎಂದ.

"ನಾಳೆ ಮಣ್ಣು ತಗದು ಒಳಗ ಮಂದಿ ಹೋಗ್ತಾರ," ಎಂದೆ. ಅವನೊಂದಿಗೆ ನಾನಾಡಿದ ಕೊನೆಯ ಮಾತು ಅದು.

ಎಲ್ಲ ಕಣ್ಣನ್ನೂ ತೆಗೆದು ಹಾರೆಯನ್ನು ಅಲ್ಲೇ ಒರಗಿಸಿ ಬಂದೆ. ಮುಂದೆ ಹಿರೇಕೆರೂರಿನ ಕಡೆ ಎಷ್ಟೋ ಗೋಡೆ ಕಟ್ಟಿದೆ. ಕಣ್ಣು ಇಡುತ್ತೇನೆ ಎಂದೇ ಹೇಳುತ್ತೇನೆ. ಜೊತೆಗಾರರು ನಗುತ್ತಾರೆ. ನಗಲಿ.