ಮಾವನವರ ಮುಂದೆ ಇಂಗ್ಲಿಷ್

ನಿನ್ನೆ ಬೆಳಗ್ಗೆ ಮೊಮ್ಮಗಳು ಅಂಗಳದಲ್ಲಿ ಅಡ್ಡಾಡುತ್ತ ‘ಗಿವ್ ಅಪ್’ ಎಂಬುದರ ಅರ್ಥಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಚಟ ಬಿಡುವುದು, ಸೋಲೊಪ್ಪುವುದು, ಹಿಡಿದದ್ದನ್ನು ಒಪ್ಪಿಸುವುದು, ಆಸೆ ತೊರೆಯುವುದು. ಮೆಂತ್ಯದ ಪಲ್ಲೆ ಸೋಸುತ್ತಿದ್ದ ನನಗೆ ಸಿಟ್ಟು ಬಂತು. ನಿಮ್ಮ ಮೇಲಲ್ಲ, ಮೊಮ್ಮಕ್ಕಳೇ.

ಇವನ್ನೆಲ್ಲ ನನಗೆ ನನ್ನ ತವರೂರು ಅಂತೂರ ಬೆಂತೂರಿನ ಮಾಸ್ತರರು ಕಲಿಸಿದ್ದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಇಂಗ್ಲಿಷ್ ಬೇಕಿರಲಿಲ್ಲ. ಅದು ಅವರ ಹುಚ್ಚು. ಪರೀಕ್ಷೆ ಪಾಸಾದರೆ ನಾನು ಶಾಲೆಯ ಅಕ್ಕೋರಾಗಬಹುದಿತ್ತು. ಅಷ್ಟರಲ್ಲಿ ಮುಂಡರಗಿಗೆ ಮದುವೆ ಮಾಡಿ ಕೊಟ್ಟರು. ಪರೀಕ್ಷೆಗೆ ಕಳಿಸುತ್ತೇವೆಂದು ಒಪ್ಪಿಯೇ ಮಾವನವರು ಹೆಣ್ಣು ತಂದಿದ್ದರು.

ಆ ಮನೆಯಲ್ಲಿ ಸೊಸೆ ಮಾವನೊಡನೆ ನೇರ ಮಾತಾಡುವಂತಿರಲಿಲ್ಲ. ಏನಿದ್ದರೂ ಅತ್ತೆಯ ಮೂಲಕ. ಪರೀಕ್ಷೆಯ ಮಾತೆತ್ತಿದರೆ ಅತ್ತೆ, “ನೋಡೂಣಂತ, ಮೊದಲ ರೊಟ್ಟಿ ಬಡಿ” ಎನ್ನುತ್ತಿದ್ದರು. ಈಗಿಲ್ಲದ ನಿಮ್ಮಜ್ಜ ತಂದೆಯೆದುರು ಬಾಯಿ ತೆರೆದವರಲ್ಲ. ನಾನೋ, ಇವತ್ತಿಗೂ ಬಸ್ಸಿನಲ್ಲಿ ಟಿಕೆಟು ಕೇಳಲು ಪಕ್ಕದವರ ಕೈಗೆ ದುಡ್ಡು ಕೊಡುವವಳು.

ಆದರೆ ಮಂದಿ ಬಂದಾಗ ಮಾವನವರೇ ನನ್ನನ್ನು ಪಡಸಾಲೆಗೆ ಕರೆಸುತ್ತಿದ್ದರು. “ನಮ್ಮ ಸೊಸಿಗೆ ಇಂಗ್ಲಿಷ್ ಬರ್ತೈತ್ರಿ. ಹೇಳವಾ.” ತಲೆ ತಗ್ಗಿಸಿ, “ಹಿ ಗೇವ್ ಅಪ್ ಬೀಡಿ” ಎನ್ನುತ್ತಿದ್ದೆ. ಇಂಗ್ಲಿಷನ್ನು ಯಾರೂ ಮಾತೆಂದು ಎಣಿಸುತ್ತಿರಲಿಲ್ಲ; ಗಿಳಿ ನುಡಿದ ಹಾಗೆ.

ಕರ್ನಾಟಕ ಒಂದಾಗಬೇಕೆಂಬ ಸಭೆಗೆ ಒಮ್ಮೆ ಗದಗಿನಿಂದ ವಕೀಲರೊಬ್ಬರು ಬಂದರು. ನಮ್ಮ ಭಾಷೆಯವರ ಕೂಗಿಗೆ ಕಿವಿಗೊಡುವವರಿಲ್ಲವೆಂದು ಪಡಸಾಲೆ ನಡುಗುವಂತೆ ಮಾತಾಡಿದರು. ಆಮೇಲೆ ನನಗೆ ಕರೆ ಬಂತು. ಪರೀಕ್ಷೆಗೆ ಹೆಸರು ಕೊಡುವ ಗಡುವು ಮುಗಿಯುತ್ತಿತ್ತು. ಮಾವನವರ ಪಾದ ನೋಡುತ್ತ ಹೇಳಿದೆ: “ಐ ವಿಲ್ ನಾಟ್ ಗಿವ್ ಅಪ್ ಮೈ ಎಕ್ಸಾಮಿನೇಶನ್. ಪ್ಲೀಸ್ ಸೆಂಡ್ ಮಿ ಟು ಗದಗ.” ಪರೀಕ್ಷೆ ಬಿಡಲಾರೆ, ಗದಗಿಗೆ ಕಳಿಸಿರಿ ಎಂದು.

“ಶಾಬಾಸ್” ಎಂದರು ಮಾವನವರು, ಒಂದಕ್ಷರ ತಿಳಿಯದೆ. “ಹೆಂಗೈತ್ರಿ, ವಕೀಲರ?”

ವಕೀಲರ ಹುಬ್ಬು ಮೇಲೇರಿತು. ಅವರಿಗೆ ಪೂರಾ ತಿಳಿದಿತ್ತು. ಬಸಿಗೆ ಚಹಾ ಸುರುವಿಕೊಂಡು ಊದುತ್ತ, “ಉಚ್ಚಾರ ಭಾಳ ಸ್ಪಷ್ಟ ಐತ್ರಿ” ಎಂದರು. ಅಷ್ಟೇ.

ಪರೀಕ್ಷೆಯ ದಿನ ನಾನು ಆ ಮನೆಯ ಒಲೆಯ ಮುಂದಿದ್ದೆ. ಮಾತು ಕೊಟ್ಟು ಮರೆತ ಮಾವನವರ ಮೇಲೆ ಸಿಟ್ಟಿದೆ. ತಿಳಿದೂ ಚಹಾ ಕುಡಿದವರ ಮೇಲೆ ಅದಕ್ಕಿಂತ ಹೆಚ್ಚಿದೆ. ವಯಸ್ಸಾದರೆ ಸಿಟ್ಟು ಆರುತ್ತದೆನ್ನುವವರು ಯಾರೋ, ನಾನಂತೂ ಕಂಡಿಲ್ಲ.

“ಆಯಿ, ಯಾಕ ಮಾರಿ ಹಂಗ ಮಾಡೀದಿ?” ಮೊಮ್ಮಗಳು ಓದು ನಿಲ್ಲಿಸಿ ಕೇಳಿದಳು.

ಏನಿಲ್ಲವಾ ಎಂದು ಒಳಗೆ ಹೋಗುವುದು ನನ್ನ ರೂಢಿ. ನಿನ್ನೆ ಹೋಗಲಿಲ್ಲ. “ಕುಂಡ್ರು” ಎಂದು ಎಲ್ಲ ಹೇಳತೊಡಗಿದೆ, ಕನ್ನಡದಲ್ಲಿ, ಎತ್ತರದ ದನಿಯಲ್ಲಿ. ಒಳಗಿದ್ದ ನಿಮ್ಮಪ್ಪ ಬಾಗಿಲಿಗೆ ಬಂದವನು, ತನ್ನಜ್ಜನ ಹೆಸರು ಕೇಳಿ ಮೆಲ್ಲಗೆ ಒಳಗೆ ಹೊರಳಿದ.

“ನೀನೂ ಕುಂಡ್ರಪಾ” ಎಂದೆ.