ನೆಲದ ಮೇಲೆ ಉರುಳಿದ ಕೋಲು

ಆ ಮನುಷ್ಯನಿಗೆ ಹೆಂಡತಿಗಿಂತ ಕೋಲೇ ಹೆಚ್ಚು ಎಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಮೇಜಿನ ಮೇಲೆ ಚೆಂಡು ಹೊಡೆಯುವ ಪೂಲ್ ಆಟದ ಕೋಲು ಮಾಡುವುದು ಅವನ ಕಸುಬು. ಬಣ್ಣವಿಲ್ಲ, ಚಿತ್ತಾರವಿಲ್ಲ, ನೆಲದ ಮೇಲೆ ಉರುಳಿಸಿದರೆ ಚೂರೂ ಕುಣಿಯದಷ್ಟು ನೆಟ್ಟಗಿರಬೇಕು, ಅಷ್ಟೇ ಅವನ ಹಟ.

ಅವನು ತೀರಿಕೊಂಡ ದಿನ ಊರಿನ ಪೂಲ್ ಕ್ಲಬ್ಬಿನ ಕಾರ್ಯದರ್ಶಿ ಬಂಗಾರದ ಬಳ್ಳಿ ಸುತ್ತಿದ ಕೋಲೊಂದನ್ನು ತಂದು ಹೆಣದ ಎದೆಯ ಮೇಲಿಟ್ಟ. ಅಳುತ್ತಿದ್ದ ಹೆಂಡತಿ ದಡಕ್ಕನೆ ಎದ್ದಳು.

“ತೆಗೀರಿ ಅದನ್ನ!”

“ಅಮ್ಮಾ, ಗೌರವಕ್ಕೆ ಅಂತ ತಂದಿದ್ದು...”

“ಇವರ ಕೋಲು ಬೋಳು ಬೋಳು ಅಂತ ಮೂಗು ಮುರಿದೋರು ನೀವೇ ತಾನೇ? ಇರಿ, ನಿಮ್ಮ ಗೌರವ ಎಷ್ಟು ನೆಟ್ಟಗಿದೆ ನೋಡೋಣ!”

ಅವಳು ಅದನ್ನು ನೆಲದ ಮೇಲೆ ಉರುಳಿಸಿದಳು. ಕೋಲು ಟಕಟಕ ಕುಣಿಯುತ್ತ ಕಾರ್ಯದರ್ಶಿಯ ಕಾಲಿಗೆ ಬಡಿಯಿತು. ಅವಳು ಬಾಗಿಲ ಹಿಂದಿದ್ದ, ಗಂಡನೇ ಮಾಡಿದ ಬೋಳು ಕೋಲನ್ನು ತಂದು ಅವನ ಪಕ್ಕದಲ್ಲಿಟ್ಟು, “ಈಗ ಎತ್ತಿ” ಎಂದಳು.

ಹೆಗಲು ಕೊಟ್ಟವರು ಅವನನ್ನು ಹೊಸಿಲು ದಾಟಿಸಿದರು.