ಮೋಟಾರು ಮಾರಿದವರು

ನಮ್ಮ ಅಂಗಳದ ಫರಸಿಕಲ್ಲಿನ ಮೇಲೆ ಬೋಗುಣಿಯಷ್ಟು ಅಗಲದ ಒಂದು ಎಣ್ಣೆಯ ಕಲೆಯಿದೆ. ಬೂದಿ ಹಾಕಿ ತಿಕ್ಕಿದೆ, ಸೀಗೆಪುಡಿ ಹಾಕಿ ತಿಕ್ಕಿದೆ, ಹೋಗಲಿಲ್ಲ. ಅಲ್ಲಿ ನಿಲ್ಲುತ್ತಿದ್ದ ಮೋಟಾರು ಹೋಗಿ ಎರಡು ಮಳೆಗಾಲವಾದವು. ಆದರೂ ಕೆಲವು ಬೆಳಿಗ್ಗೆ ಬೆರಳಿಟ್ಟು ನೋಡಿದರೆ ಎಣ್ಣೆ ಹಸಿಯಾಗಿಯೇ ಅಂಟುತ್ತದೆ. ಕೆಲಸದ ಗಂಗವ್ವ ರಂಗೋಲಿ ಹಾಕುವಾಗ ಅದನ್ನು ಸುತ್ತುಹಾಕಿಕೊಂಡು ಹೋಗುತ್ತಾಳೆ. ನಾನೂ ತಿಕ್ಕುವುದನ್ನು ಬಿಟ್ಟಿದ್ದೇನೆ.

ಹಳೆಯ ತಂಬಿಗೆ ಕೊಂಡರೆ ಅದರ ಕೊರಳಲ್ಲಿ ಇನ್ನೊಬ್ಬರ ಹೆಸರು ಕೊರೆದಿರುತ್ತದೆ. ಎಷ್ಟು ವರ್ಷ ಬಳಸಿದರೂ ಯಾರದೋ ಮದುವೆಯ ನೀರು ಕುಡಿದಂತೆಯೇ. ಮೋಟಾರಿನ ಮೇಲೆ ಹೆಸರು ಕೊರೆಯುವುದಿಲ್ಲ, ಅದು ಕಾಗದದಲ್ಲಿರುತ್ತದೆ. ಹತ್ತಿಯ ದಲಾಲಿ ಮಾಡುತ್ತಿದ್ದ ನಮ್ಮ ಯಜಮಾನರಿಗೆ ಇದು ತಿಳಿಯದ್ದೇನಲ್ಲ. ಆದರೆ ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯವರಿಗೆ ಒಂದು ರೋಗವಿದೆ. ದಿನವಿಡೀ ಮರಾಠಿ ಕೇಳಿ ದಣಿದ ಕಿವಿಗೆ ಯಾರಾದರೂ "ಬರ್ರಿ, ಕೂಡ್ರಿ" ಅಂದರೆ ಸಾಕು, ಬುದ್ಧಿ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ.

ಖಡಕಿಯ ಆಚೆ ಒಂದು ಬಂಗಲೆಯಲ್ಲಿ ಹಳೆಯ ಮೋಟಾರು ಮಾರುತ್ತಾರೆಂದು ಯಾರೋ ಹೇಳಿದ್ದರು. ನಾವಿಬ್ಬರೂ ಹೋದೆವು. ಮಧ್ಯಾಹ್ನ ಇಳಿಹೊತ್ತು, ಒಳ್ಳೆಯ ಬಿಸಿಲು. ಕಿಟಕಿಗಳೆಲ್ಲ ಮುಚ್ಚಿದ್ದವು. ಮೆಟ್ಟಿಲ ಮೇಲೆ ಕಂದು ಮಫ್ಲರ್ ಸುತ್ತಿಕೊಂಡು, ಬರಿಗಾಲಲ್ಲಿ, ಮುದುಕರೊಬ್ಬರು ನಿಂತಿದ್ದರು. ನಿವೃತ್ತ ಇಂಜಿನಿಯರು, ಮೋಟಾರಿನ ಯಜಮಾನರು.

"ಬರ್ರಿ. ಧಾರವಾಡದವರೇನು?" ಎಂದರು.

ಮುಗಿಯಿತು. ನಮ್ಮವರು ಕಾಗದ ಓದಲೇ ಇಲ್ಲ. ಹಣ ಹಾಕಿ ಅಂಟಿಸಿದ ಪಾಕೀಟಿನ ಮೇಲೆ 'ಮೋಟಾರಿನ ಬಾಬತ್ತು' ಎಂದು ಬರೆದು ಕೊಟ್ಟರು. ಮುದುಕರು ಸಹಿ ಮಾಡಿ, ಬಾನೆಟ್ಟಿನ ಮೇಲೆ ಕೈಯಿಟ್ಟು, "ಹಗೂರಕ ಹೊಡೀರಿ. ಗದ್ದಲ ಇದಕ್ಕ ಸೇರೂದಿಲ್ಲ" ಎಂದರು. ನಾನೂ ಮುಟ್ಟಿ ನೋಡಿದೆ. ಮೋಟಾರು ನೆರಳಲ್ಲಿತ್ತು, ಚಕ್ರಗಳಿಗೆ ಜೇಡರ ಬಲೆ ಕಟ್ಟಿತ್ತು. ಆದರೂ ಬಾನೆಟ್ಟು ಬೆಚ್ಚಗಿತ್ತು. ಆಗ ಅದು ವಿಶೇಷವೆನಿಸಲಿಲ್ಲ.

ಕೆಲವು ತಿಂಗಳು ಅದರಲ್ಲಿ ಮೆರೆದೆವು. ಇಂದಾಪುರದ ರಸ್ತೆಯಲ್ಲಿ ಕೆಟ್ಟು ನಿಂತಾಗ ಒಂಬತ್ತು ಗಜದ ಸೀರೆಯಲ್ಲಿ ನಾನು ಅದನ್ನು ದೂಡಿದ್ದೂ ಉಂಟು. ಆಮೇಲೆ ನಮ್ಮವರಿಗೆ ವಿಷಮಜ್ವರ ಬಂತು. ಇಪ್ಪತ್ತೊಂದನೆಯ ದಿನ ಇಳಿಯುತ್ತದೆ ಎಂದರು ಡಾಕ್ಟರು. ಇಪ್ಪತ್ತನೆಯ ದಿನ ನಮ್ಮವರು ಹೋದರು, ಹಣೆ ಸುಡುತ್ತಿದ್ದ ಹಾಗೆಯೇ.

ಮಾಸಿಕ ಶ್ರಾದ್ಧಗಳು ಮುಗಿಯುವ ಮೊದಲೇ ಕೋರ್ಟಿನ ನೋಟೀಸು ಬಂತು. ಮೋಟಾರು ತಮ್ಮದೆಂದು ಇಂಜಿನಿಯರರ ಮಕ್ಕಳು ದಾವೆ ಹಾಕಿದ್ದರು. ನಮ್ಮ ಕಾಗದದ ತಾರೀಖಿಗೆ ಹದಿನೆಂಟು ದಿನ ಮೊದಲೇ ಅವರ ತಂದೆ ತೀರಿಕೊಂಡಿದ್ದರಂತೆ. ಮಕ್ಕಳು ಬಂಗಲೆಗೆ ಬೀಗ ಹಾಕಿ ಮುಂಬಯಿಗೆ ಹೋಗಿದ್ದಾಗ ನಮ್ಮವರು ಸುಳ್ಳು ಸಹಿ ಮಾಡಿ ಮೋಟಾರು ಕದ್ದೊಯ್ದರಂತೆ.

ಮೋಟಾರು ಹೋದರೆ ಹೋಗಲಿ. ಆದರೆ ತೀರಿಹೋದವರಿಗೆ ಕಳ್ಳ ಎಂಬ ಹೆಸರು ಬಂದರೆ ಅವರು ಎದ್ದುಬಂದು ತೊಳೆದುಕೊಳ್ಳಲಾರರು. ಆದ್ದರಿಂದ ನಾನೇ ಸಾಕ್ಷಿ ಹೇಳಲು ಹೋದೆ.

ಮೊದಲ ಪ್ರಶ್ನೆಯೇ ಗಂಡನ ಹೆಸರು. ಮೂವತ್ತು ವರ್ಷ ಒಡಪಿನ ಪದ್ಯ ಕಟ್ಟಿಯೇ ಆ ಹೆಸರು ಹೇಳಿದವಳು ನಾನು, ಬರಿ ಹೆಸರು ಬಾಯಿಗೆ ಬರಲಿಲ್ಲ. ಕೊನೆಗೆ ಚೀಟಿಯಲ್ಲಿ ಬರೆದುಕೊಟ್ಟೆ. ಆಮೇಲೆ ಒಂದು ಫೋಟೋ ತೋರಿಸಿದರು. ಅದೇ ಮುಖ, ಅದೇ ಮಫ್ಲರ್. "ಇವರೇ ಮಾರಿದವರು" ಎಂದೆ. ಎದುರಿನ ವಕೀಲರು ಮರಾಠಿಯಲ್ಲಿ, ಹಾಗಾದರೆ ಸ್ಮಶಾನದಿಂದ ಟಾಂಗಾ ಮಾಡಿಕೊಂಡು ಬಂದಿದ್ದರೇನು ಬಾಯಿಸಾಹೇಬರೇ, ಎಂದು ಕೇಳಿದರು. ಕೋರ್ಟೆಲ್ಲ ನಕ್ಕಿತು. ನನಗೂ ಅರ್ಧ ನಗು ಬಂತು. ಆದರೆ ಕಂಡವರನ್ನು ಕಂಡಿಲ್ಲವೆನ್ನುವುದು ಹೇಗೆ? ಸಾಕ್ಷಿದಾರಳು ದುಃಖದಲ್ಲಿದ್ದಾಳೆ, ಮಾತು ನಂಬುವಂತಿಲ್ಲ ಎಂದು ಬರೆದು ನ್ಯಾಯಾಧೀಶರು ಮೋಟಾರನ್ನು ಮಕ್ಕಳಿಗೆ ಕೊಟ್ಟರು.

ಎಂಟು ದಿನಕ್ಕೆ ಇಂಜಿನಿಯರರ ಹಿರಿಯ ಮಗ ಬಂದರು. ಮೋಟಾರಿನ ಕಡೆ ನೋಡಲೂ ಇಲ್ಲ. ಕಿಸೆಯಿಂದ ಒಂದು ಪಾಕೀಟು ತೆಗೆದು ನನ್ನ ಮುಂದಿಟ್ಟರು. ಮೇಲೆ ನಮ್ಮವರ ಅಕ್ಷರ.

"ಮೋಟಾರಿನ ಎರಡನೇ ಕೀಲಿ ಹುಡುಕಾಕ ಅಪ್ಪನ ಕಪಾಟ ತೆಗದೆ, ಅಕ್ಕಾರ. ಅವ್ರು ಹೋದ ದಿನಾನ ನಾನs ಬೀಗಾ ಹಾಕಿದ್ದೆ. ಒಳಗ ಇದು ಇತ್ತು."

ನಾನು ಒಡೆದು ನೋಡಿದೆ, ಹಣ ಕೊಟ್ಟ ಹಾಗೆಯೇ ಇತ್ತು. ಅವರೇ ಮತ್ತೆ ಮಾತಾಡಿದರು.

"ನಿಮ್ಮ ಯಜಮಾನ್ರು ಕಳ್ಳರಲ್ಲ ಅಂತ ಕೋರ್ಟಿಗೆ ಬರದ ಕೊಡತೀನ್ರಿ. ಮೋಟಾರ ನೀವs ಇಟ್ಕೋರಿ."

"ಅಷ್ಟು ಬರದ ಕೊಟ್ಟರ ಸಾಕ್ರಿ. ಮೋಟಾರ ಒಯ್ರಿ, ಇಲ್ಲಿ ಹೊಡಿಯೋರಿಲ್ಲ. ಈ ಪಾಕೀಟ ನನಗಿರಲಿ."

ಆದರೂ ಅವರು ಏಳಲಿಲ್ಲ. ನೆಲ ನೋಡುತ್ತ ಕೇಳಿದರು: "ಆ ದಿನ ಅಪ್ಪ ಹೆಂಗಿದ್ರು, ಅಕ್ಕಾರ?"

"ಛಲೋ ಇದ್ರರಿ."

"ಕೆಮ್ಮತಿದ್ರೇನು? ಕಡೀ ಆರು ತಿಂಗಳ ಒಂದ ರಾತ್ರಿ ಮಲಗಲಿಲ್ಲ ನೋಡ್ರಿ, ಅಷ್ಟು ಕೆಮ್ಮು."

ನಾನು ಆ ಮೆಟ್ಟಿಲು, ಆ ಬಿಸಿಲು, ಎಲ್ಲ ನೆನಪಿಗೆ ತಂದುಕೊಂಡೆ. "ಇಲ್ಲರಿ. ಒಮ್ಮೆನೂ ಕೆಮ್ಮಲಿಲ್ಲ."

ಅವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ನಾನು ಎದ್ದು ಚಹಾಕ್ಕೆ ಇಟ್ಟೆ.

ಅಂದಿನಿಂದ ನನ್ನ ಒಂದು ಕಿವಿ ಬಾಗಿಲ ಕಡೆಗೇ ಇರುತ್ತದೆ. ನಿಮ್ಮ ಯಜಮಾನರಿಂದ ನಿನ್ನೆ ತಾನೇ ಈ ಹಳೆಯ ಛತ್ರಿ ಕೊಂಡೆ ಎಂದು ಯಾರಾದರೂ ಕಾಗದ ಹಿಡಿದು ಬಂದರೆ ನಾನು ಕೋರ್ಟಿಗೆ ಹೋಗುವವಳಲ್ಲ. ಸಹಿಯನ್ನೂ ತಾರೀಖನ್ನೂ ನೋಡುವುದಿಲ್ಲ. ಚಾಪೆ ಹಾಸಿ ಕೂಡಿಸಿ, ಕುಡಿಯಲು ನೀರು ಕೊಟ್ಟು, ಒಂದೇ ಮಾತು ಕೇಳುತ್ತೇನೆ: ಜ್ವರ ಇಳಿದಿತ್ತೇನ್ರಿ?